ನಾನೇ ಹೊಡೆದು ಹಾಕಿದ ‘ಇಲ್ಲ’

ಸೊಸೆಗೆ,

ಹಾಲು ಕಾಯಿಸಿಟ್ಟಿದ್ದೀನಿ, ಪುಟ್ಟಿ ಎದ್ದ ಮೇಲೆ ಕೊಡು.

ಡಾಕ್ಟರ ಫಾರಂ ಮೇಜಿನ ಮೇಲಿದೆ. ‘ಮನೆತನದಲ್ಲಿ ಯಾರಿಗಾದರೂ ಆಟಿಸಂ ಇದೆಯೇ’ ಅನ್ನೋ ಕಡೆ ನಾನು ಹಟ ಹಿಡಿದು ಬರೆಸಿದ ‘ಇಲ್ಲ’ವನ್ನು ನಾನೇ ಹೊಡೆದು ಹಾಕಿದ್ದೀನಿ. ಗಡಿಯಾರ ರಿಪೇರಿ ಮಾಡೋ ನನ್ನ ತಮ್ಮನಿಗೆ ಇದೆ. ಆರು ವರ್ಷ ತುಂಬೋವರೆಗೂ ಅವನು ತುಟಿ ಬಿಚ್ಚಲಿಲ್ಲ. ‘ನಾಚಿಕೆ ಸ್ವಭಾವ’ ಅಂತ ಕಂಡಕಂಡವರಿಗೆ ಹೇಳಿದೆ. ದೊಡ್ಡವನಾದ ಮೇಲೆ ಡಾಕ್ಟರು ಅದರ ಹೆಸರು ಹೇಳಿದಾಗಲೂ ಮುಚ್ಚಿಟ್ಟೆ. ಪುಟ್ಟಿಗೆ ಇನ್ನೂ ಮಾತು ಬಂದಿಲ್ಲ ಅಂತ ನಿನ್ನ ನೌಕರಿಯನ್ನ ಬೈದೆನಲ್ಲ, ತಪ್ಪಾಯ್ತು. ಮತ್ತೆ ಮತ್ತೆ ಹೇಳಿಸಬೇಡ.

‘ಅದೆಲ್ಲ ಗಂಡುಮಕ್ಕಳಿಗೆ’ ಅಂತಲೂ ಅಂದಿದ್ದೆ. ನಿನ್ನೆ ನರ್ಸಮ್ಮನಿಗೆ ಫೋನ್ ಮಾಡಿ ಕೇಳಿದೆ. ಗಂಡುಮಕ್ಕಳಲ್ಲಿ ಹೆಚ್ಚಂತೆ, ಆದರೆ ಹೆಣ್ಣುಮಕ್ಕಳಲ್ಲಿ ಇದ್ದರೂ ಬೇಗ ಕಣ್ಣಿಗೆ ಬೀಳಲ್ಲವಂತೆ. ನಿನ್ನ ಕಣ್ಣಿಗೆ ಬಿತ್ತಲ್ಲ, ಅದೇ ದೊಡ್ಡದು. ಬೇಗ ಗೊತ್ತಾದರೆ ಕಲಿಸೋದು ಸುಲಭವಂತೆ.

ತಮ್ಮನನ್ನ ಕರೆತರೋಕೆ ಹೊರಟೆ. ಡಾಕ್ಟರು ಏನು ಕೇಳಿದರೂ ‘ನಾನೇ ಹೇಳ್ತೀನಿ’ ಅಂದ. ಇವತ್ತು ಕುಕ್ಕರ್ ಮಾತ್ರ ಇಡಬೇಡ. ಅದು ಕೂಗಿದರೆ ಪುಟ್ಟಿ ಮಂಚದ ಕೆಳಗೆ ಓಡ್ತಾಳೆ, ಅವನು ಬೀದಿಗೆ. ಪಾತ್ರೆಯಲ್ಲೇ ಬೇಯಿಸು, ಇಬ್ಬರೂ ಪಕ್ಕಪಕ್ಕ ಕೂತು ಉಣ್ಣಲಿ.

ಅತ್ತೆ