ಮೂರು ಟ್ಯೂಬಿಗೂ ಒಂದೇ ಕಲೆ

ಮಾರ್ಚ್ ೧೨, ಮಂಗಳವಾರ ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ, ಬೈದುಕೋ. ಸೋಮಾರಿತನ ಎಂದು ಸುಳ್ಳು ಹೇಳಬಹುದಿತ್ತು, ಆದರೆ ನಿನ್ನ ಹತ್ತಿರ ನನ್ನ ಸುಳ್ಳು ಯಾವತ್ತು ನಡೆದಿದೆ? ಹೆದರಿಕೆಯಾಗಿದೆ ಅಕ್ಕ. ಅದಕ್ಕೇ ಬರೆಯಲಿಲ್ಲ.

ಹೋದ ವಾರ ನಮ್ಮ ಬೀದಿಯ ಟೈಲರ್ ಮನೆಗೆ ಕರೆದಿದ್ದರು. ಅವರ ಹಳೆಯ ಪ್ರೊಜೆಕ್ಟರಿನಲ್ಲಿ ಚಿತ್ರ ಮಂಕಾಗಿತ್ತು. ಕೆಂಪು, ಹಸಿರು, ನೀಲಿ, ಒಂದೊಂದು ಬಣ್ಣಕ್ಕೆ ಒಂದೊಂದು ಟ್ಯೂಬು, ಒಂದೊಂದು ಮಸೂರ. ಬೆಳಕು ತಗ್ಗಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಮಸೂರದೊಳಗೆ ಇಣುಕುವುದು ನನ್ನ ಮೂವತ್ತು ವರ್ಷದ ಅಭ್ಯಾಸ. "ಬೀಗದ ಕಿಂಡೀಲಿ ಇಣುಕೋ ಕಳ್ಳ" ಅಂತ ನೀನು ನಗುತ್ತಿದ್ದೆಯಲ್ಲ, ಅದೇ. ಹಸಿರು ಟ್ಯೂಬಿನ ನಡುವೆ ಹೆಬ್ಬೆರಳಿನಷ್ಟು ಕಪ್ಪು ಕಲೆ ಕಂಡಿತು. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಒಳಗಿನ ಲೇಪ ಸುಟ್ಟು ಹೀಗಾಗುತ್ತದೆ. "ಇದರ ಕಥೆ ಮುಗೀತು ಟೈಲರೇ" ಎಂದು ತೀರ್ಪು ಕೊಟ್ಟೆ. ಬಿಚ್ಚಿ ತೆಗೆದು, ಸತ್ತ ಟ್ಯೂಬಿಗೆ ಮಾಡುವಂತೆ ಅದರ ಕತ್ತು ಮುರಿದೆ. ಒಳಗೆ ಗಾಳಿ ನುಗ್ಗಿದ ಮೇಲೆ ಅದು ಮತ್ತೆ ಬೆಳಗುವುದಿಲ್ಲ. ಜೋಪಾನ ಮಾಡಿಟ್ಟಿದ್ದ ಒಂದೇ ಒಂದು ಹೊಸ ಟ್ಯೂಬು ಕೂರಿಸಿದೆ.

ಇಣುಕಿದೆ. ಅದೇ ಕಲೆ.

ಕೆಂಪಿನಲ್ಲೂ ಅದೇ. ನೀಲಿಯಲ್ಲೂ ಅದೇ ಜಾಗ, ಅದೇ ಅಳತೆ. ಈಗಷ್ಟೇ ಪೆಟ್ಟಿಗೆಯಿಂದ ತೆಗೆದ ಟ್ಯೂಬು ಸುಟ್ಟಿರುವುದುಂಟೇ? ಟೈಲರ್ ಬಗ್ಗಿ ನೋಡಿ, "ಎಲ್ಲಿ ಸಾರ್ ಕಲೆ? ಟ್ಯೂಬು ಒಗೆದು ಇಸ್ತ್ರಿ ಮಾಡಿದ ಹಾಗಿದೆಯಲ್ಲ!" ಎಂದರು. ಆಮೇಲೆ ಬಟ್ಟೆಯ ಚೂರೊಂದರಿಂದ ಮೂರೂ ಮಸೂರ ಒರೆಸಿ, "ಧೂಳು ಸಾರ್, ಅಷ್ಟೇ" ಎಂದು ನಕ್ಕರು. ಚಿತ್ರ ಲಕಲಕ ಹೊಳೆಯಿತು. ನಾನು ಕತ್ತು ಮುರಿದದ್ದು ಚೆನ್ನಾಗಿದ್ದ ಟ್ಯೂಬನ್ನು.

ದೋಷ ಎಲ್ಲಿದೆ ಎಂದು ತಿಳಿಯಲು ಒಂದನ್ನು ಮುಚ್ಚಿ ಇನ್ನೊಂದನ್ನು ನೋಡಬೇಕು. ನಾನೇ ಎಷ್ಟೋ ಜನಕ್ಕೆ ಕಲಿಸಿದ ಪಾಠ, ಆದರೆ ಕೈ ಮೇಲೇಳಲಿಲ್ಲ. ಕೊನೆಗೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಇಣುಕಿದೆ. ಕಲೆ ಇಲ್ಲ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಟೈಲರ್ ಕಡೆ ನೋಡಿದೆ. ಅವರಿಗೆ ಕಿವಿಗಳಿದ್ದವು, ಮುಖವಿರಲಿಲ್ಲ.

ನಿನ್ನೆಯಿಂದ ಎಡಗಣ್ಣಿಗೂ ಕಿಟಕಿಯ ಸರಳುಗಳು ನಡುವೆ ಬಾಗಿದಂತೆ ಕಾಣುತ್ತಿವೆ. ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ. ನನ್ನವಳಿಗೆ ಇನ್ನೂ ಹೇಳಿಲ್ಲ. ಬೆಳಗಾದರೆ ಕಣ್ಣು ಬಿಡಲೇ ಭಯ. ಈ ಕಣ್ಣು ಬಿಟ್ಟರೆ ನನಗೆ ಬೇರೆ ಯಾವ ವಿದ್ಯೆ ಗೊತ್ತು? ನೀನೂ ಇವತ್ತೇ ಒಂದೊಂದು ಕಣ್ಣು ಮುಚ್ಚಿ ಬಾಗಿಲಿನ ಚೌಕಟ್ಟು ನೋಡು. ನಾಳೆ ಎನ್ನಬೇಡ, ನನ್ನಾಣೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮಾಮನ ಆಶೀರ್ವಾದ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ಇಂತು,
ನಿನ್ನ ಇಣುಕೋ ಕಳ್ಳ

ತಾ.ಕ.: ಕೊನೆಯ ವರ್ಷಗಳಲ್ಲಿ ಅಪ್ಪ ನನ್ನ ಹತ್ತಿರ ಮಾತಾಡುವಾಗ ಗೋಡೆ ಕಡೆ ಮುಖ ಮಾಡುತ್ತಿದ್ದರು, ನೆನಪಿದೆಯಾ? ನನ್ನ ಮುಖ ನೋಡಲೂ ಇಷ್ಟವಿಲ್ಲ ಎಂದು ಮುನಿಸಿಕೊಂಡು ಎರಡು ವರ್ಷ ಮಾತು ಬಿಟ್ಟೆ. ಹಾಗೇ ಹೋಗಿಬಿಟ್ಟರು. ಇವತ್ತು ಕನ್ನಡಿಯಲ್ಲಿ ಬಲಗಣ್ಣೊಂದರಿಂದ ನನ್ನ ಮುಖ ಹುಡುಕಿದೆ. ನೇರ ನೋಡಿದರೆ ಇಲ್ಲ. ಗೋಡೆ ಕಡೆ ತಿರುಗಿದರೆ ಓರೆಯಲ್ಲಿ ಕಾಣುತ್ತದೆ. ಅಕ್ಕಾ, ಅಪ್ಪ ನನ್ನನ್ನೇ ನೋಡುತ್ತಿದ್ದರು.