ಐದು ತೂತಿನ ಹರ್ನಿಯಾ

ಜನವರಿ 6, ಬೆಳಿಗ್ಗೆ

ಗಂಜ್ ಮಾರ್ಕೆಟ್ಟಿನ ಅಂಗಡಿಗೆ ಹೋಗಲಿಲ್ಲ. ಅಲ್ಲಿ ಹೊಸ ತೊಗರಿ ಬಂದು ಬೀಳುತ್ತಿದೆ, ನಾನಿಲ್ಲಿ ಬ್ಯಾಗಿಗೆ ಲುಂಗಿ ತುಂಬುತ್ತಿದ್ದೇನೆ. ನಾಳೆ ಆಪರೇಷನ್. ಪ್ರಾಸ್ಟೇಟ್ ಕ್ಯಾನ್ಸರ್ — ಇಲ್ಲಿ ಬರೆಯಬಹುದು, ಬಾಯಲ್ಲಿ ಬರುವುದಿಲ್ಲ. ಅಂಗಡಿಯಲ್ಲಿ, ಓಣಿಯಲ್ಲಿ, ಕಮಲಾಪುರದ ಅಣ್ಣನಿಗೆ, ಹುಮನಾಬಾದಿನ ತಮ್ಮನಿಗೆ, ಎಲ್ಲರಿಗೂ ಹರ್ನಿಯಾ ಎಂದು ಹೇಳಿ ಆಗಿದೆ. ನನ್ನ ಹೆಂಡತಿ ಸೂಗಮ್ಮನ ಐಡಿಯಾ. "ಆ ಜಾಗದ ಸುದ್ದಿ ಮಂದಿ ಮುಂದ ಹ್ಯಾಂಗ ಹೇಳ್ಲಿರಿ?" ಎಂದಳು. ನನಗೂ ಅದೇ ಬೇಕಿತ್ತು. ಹೆಸರು ಮಾತ್ರ ಅವಳದು.

ಡಾಕ್ಟರು ಇನ್ನೂ ಹುಡುಗ. "ಮನಿಯಾಗ ಅಪ್ಪ, ಅಣ್ಣ-ತಮ್ಮ, ಯಾರಿಗಾರ ಇದು ಇತ್ತೇನ್ರಿ?" ಎಂದು ಕೇಳಿದ. ಎದೆ ತಟ್ಟಿ ಇಲ್ಲ ಎಂದೆ. ಅಪ್ಪ ಬಾಳೆ ತೋಟದಲ್ಲಿ ಹಾವು ಕಚ್ಚಿ ಹೋದ. ದೌಲಪ್ಪಣ್ಣ ಮೂರು ವರ್ಷದ ಹಿಂದೆ ಸೋಲಾಪುರದಲ್ಲಿ ಕಿಡ್ನಿ ಕಲ್ಲು ತೆಗೆಸಿದ, ಅಷ್ಟೇ. ತಮ್ಮ ಮಹಾದೇವ ಗುಂಡುಕಲ್ಲು.

ಜನವರಿ 10

ಬದುಕಿದ್ದೇನೆ. ಆಪರೇಷನ್ ಮಾಡುವ ರೋಬೋಟ್ ಎಂದರೆ ನಡೆದುಕೊಂಡು ಬರುತ್ತದೆ ಎಂದುಕೊಂಡಿದ್ದೆ. ನಾಲ್ಕು ಕೈ, ತಲೆ ಇಲ್ಲ, ಮೈತುಂಬ ಪ್ಲಾಸ್ಟಿಕ್ ಕವರ್. ಡಾಕ್ಟರ್ ಮೂಲೆಯಲ್ಲಿ ಒಂದು ಡಬ್ಬಿಯೊಳಗೆ ಮುಖ ಇಟ್ಟು ಕೂರುತ್ತಾನಂತೆ. ಅವನು ಅಲ್ಲಿ ಬೆರಳು ಆಡಿಸಿದರೆ ಅದು ಇಲ್ಲಿ ಕೊಯ್ಯುತ್ತದಂತೆ. ಪೂರ್ತಿ ನೋಡುವಷ್ಟರಲ್ಲಿ ಮಂಪರು... ಹೊಟ್ಟೆ ಮೇಲೆ ಐದು ಸಣ್ಣ ತೂತು. ಕೆಳಗೆ ಮೂತ್ರದ ಪೈಪು, ಅದಕ್ಕೊಂದು ಚೀಲ. ಯಾರಾದರೂ ಬಂದರೆ ಸೂಗಮ್ಮ ಚೀಲದ ಮೇಲೆ ಶಾಲು ಹೊದಿಸುತ್ತಾಳೆ.

ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ, "ನಿಮ್ಮ ಅಣ್ಣ-ತಮ್ಮಗ ಪಿಎಸ್ಎ ಟೆಸ್ಟ್ ಮಾಡಸ್ರಿ. ಬರೀ ರಕ್ತ ಕೊಟ್ರ ಸಾಕು. ಒಬ್ಬರಿಗೆ ಬಂದದ ಅಂದ್ರ ಉಳಿದವರಿಗೂ ಬರೋ ಚಾನ್ಸ್ ಜಾಸ್ತಿ." ತಲೆಯಾಡಿಸಿದೆ. ಹರ್ನಿಯಾ ಆದವನು ತಮ್ಮನ ರಕ್ತ ಯಾಕೆ ಟೆಸ್ಟ್ ಮಾಡಿಸುತ್ತಾನೆ?

ಜನವರಿ 13

ನೋಡಲು ಬರುವವರ ಕಾಟ. ನಮ್ಮ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಕರೀಂಸಾಬ್ ಬಿಸ್ಕೀಟು ಹಿಡಿದು ಬಂದ. ಹೊಲಿಗೆ ನೋಡದೆ ಏಳುವ ಪೈಕಿ ಅಲ್ಲ. ಅಂಗಿ ಎತ್ತಿದೆ.

"ಸಾವ್ಕಾರ್ರ, ಹರ್ನಿಯಾಕ್ಕ ಐದು ತೂತಾ? ನಮ್ಮ ಕಾಕಾಂದು ಒಂದೇ ಕಡಿ ಕೊಯ್ದಿದ್ರಲ್ರಿ!"

"ಇದು ರೋಬೋಟ್ ಹರ್ನಿಯಾ" ಎಂದೆ. ಸಂಜೆಯೊಳಗೆ ಗಂಜ್ ಮಾರ್ಕೆಟ್ಟಿಗೆಲ್ಲ ಸುದ್ದಿ.

ಮಹಾದೇವ ಫೋನ್ ಮಾಡಿದ್ದ. "ರಾತ್ರಿ ಮೂರ್ನಾಕು ಸಲ ಒಂದಕ್ಕ ಏಳ್ತೀನಣ್ಣ. ಸಕ್ಕರಿ ಟೆಸ್ಟ್ ಮಾಡಿಸ್ದೆ, ಏನೂ ಇಲ್ಲ ಅಂದ್ರು." ನನಗೂ ಹೀಗೇ ಶುರುವಾಗಿದ್ದು. ಆಗಲೇ ಹೇಳಬೇಕಿತ್ತು. "ಚಹಾ ಕಡಿಮಿ ಮಾಡು" ಎಂದೆ. ಫೋನ್ ಇಟ್ಟ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆ ಅನ್ನಿಸಿತು.

ಜನವರಿ 18

ಪೈಪು ತೆಗೆದರು. ಈಗ ಡೈಪರ್. ಕೆಮ್ಮಿದರೆ ಹೋಗುತ್ತದೆ, ನಕ್ಕರೆ ಹೋಗುತ್ತದೆ. ನಗುವಂಥದ್ದೇನೂ ಇಲ್ಲ, ಪುಣ್ಯ. ರಿಪೋರ್ಟ್ ಬಂತು. ಗಡ್ಡೆ ಪೂರ್ತಿ ತೆಗೆದಿದ್ದಾರೆ, ಆದರೆ ಅಂಚಿನ ತನಕ ಹಬ್ಬಿತ್ತಂತೆ. ಮೇಲಿಂದ ಮೇಲೆ ಟೆಸ್ಟ್ ಮಾಡಿಸುತ್ತಾ ಇರಬೇಕು. ಮೊದಲೇ ಬಂದಿದ್ದರೆ ಈ ಚಿಂತೆ ಇರುತ್ತಿರಲಿಲ್ಲ ಎಂದ ಡಾಕ್ಟರ್. ಮೊದಲೇ ಬರಲು ನನಗೇನು ಕನಸು ಬಿದ್ದಿತ್ತೇ?

ಜನವರಿ 24

ಕಮಲಾಪುರದಿಂದ ದೌಲಪ್ಪಣ್ಣ ಬಂದ. ತೋಟದ ಕೆಂಪು ಬಾಳೆ ತಂದಿದ್ದ. ಅದೂ ಇದೂ ಮಾತಾಡುತ್ತಿದ್ದೆವು. ನನಗೆ ಕೆಮ್ಮು ಒತ್ತಿಕೊಂಡು ಬಂತು. ಹೆದರಿ ಮುದುಡಿದೆ.

"ಬಿಗಿ ಹಿಡಿ ತಮ್ಮಾ" ಎಂದ ಅಣ್ಣ, ಮೆಲ್ಲಗೆ. "ಕೆಳಗ. ಮೊದಲ ಬಿಗಿ ಹಿಡಿ, ಆಮ್ಯಾಲ ಕೆಮ್ಮು."

ಹಿಡಿದೆ. ಕೆಮ್ಮಿದೆ. ಒಂದು ಹನಿಯೂ ಹೋಗಲಿಲ್ಲ. ಇದೇ ಮಾತನ್ನು ಆಸ್ಪತ್ರೆಯಲ್ಲಿ ನನಗೆ ಹೇಳಿಕೊಟ್ಟಿದ್ದರು. ಹರ್ನಿಯಾದವರಿಗೆ ಇದನ್ನು ಕಲಿಸುವುದಿಲ್ಲ. ಕಲ್ಲು ತೆಗೆಸಿದವರಿಗೂ ಕಲಿಸುವುದಿಲ್ಲ.

"ನಿನಗ ಯಾರು ಕಲಿಸಿದ್ರು?"

ಬಾಳೆಹಣ್ಣು ಸುಲಿಯುತ್ತಾ ಕೂತ. ಸುಲಿದದ್ದನ್ನು ತಿನ್ನಲಿಲ್ಲ. "ಸೋಲಾಪುರದಾಗ" ಎಂದ. "ಕಲ್ಲಲ್ಲ ಅದು."

ಮೂರು ವರ್ಷ! ಸಿಟ್ಟು ನೆತ್ತಿಗೇರಿತು. "ಅವತ್ತೇ ಹೇಳಿದ್ರ ನಾ ಅವತ್ತೇ ಟೆಸ್ಟ್ ಮಾಡಿಸ್ತಿದ್ದೆ! ಅಂಚಿನ ತನಕ ಬರ್ತಿತ್ತೇನು ಇದು?"

"ಹ್ಯಾಂಗ ಹೇಳ್ಲಿ? ನೀ ಹೇಳಿದ್ಯಾ?"

ಸೂಗಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. "ಹರ್ನಿಯಾ ಅಂದಾಕಿ ನಾನೇ, ತಪ್ಪಾಯ್ತು. ಈಗ ಮಹಾದೇವಗ ಯಾರು ಹೇಳ್ತೀರಿ?" ಎಂದಳು.

ಅದೇ ದಿನ, ಸಂಜೆ

ನಾನೇ ಫೋನ್ ಹಚ್ಚಿದೆ. ಅಣ್ಣ ಮೊದಲೇ ಶರತ್ತು ಹಾಕಿದ್ದ, "ನಿಂದು ಹೇಳು. ನಂದು ತೆಗೀಬ್ಯಾಡ." ಹೇಳಿದೆ. ರೋಗದ ಹೆಸರು, ಜಾಗ, ಡೈಪರ್, ಎಲ್ಲ. ಮಹಾದೇವ, "ನಾಳಿಗೇ ರಕ್ತ ಕೊಡ್ತೀನಣ್ಣ" ಎಂದ. ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಮುಗಿಸಬಹುದಿತ್ತು.

"ದೊಡ್ಡಣ್ಣಗ ಹೇಳಿಯೇನು?" ಎಂದ. "ಒಮ್ಮಿಗೇ ಹೇಳಬ್ಯಾಡ, ಪಾಪ, ಅಂಜ್ತಾನ. ನಾನೇ ಕಮಲಾಪುರಕ್ಕ ಹೋಗಿ ಧೈರ್ಯ ಹೇಳಿ ಟೆಸ್ಟಿಗೆ ಕರ್ಕೊಂಡು ಬರ್ತೀನಿ."

ಸ್ಪೀಕರ್ ಆನ್ ಇತ್ತು. ಅಣ್ಣ ಕಣ್ಣು ಮುಚ್ಚಿದ, ತೆರೆದ. ಕೈ ಚಾಚಿದ. ಫೋನ್ ಕೊಟ್ಟೆ.

"ಮಾದೇವಾ, ನಾ ದೌಲಪ್ಪ" ಎಂದ. ಮೊದಲು ಬಾಳೆಯ ರೇಟು ಹೇಳಿದ. ಆಮೇಲೆ ಬೋರಿನ ಮೋಟಾರು ಸುಟ್ಟಿದ್ದು. ಆಮೇಲೆ ನನ್ನ ಮುಖ ನೋಡುತ್ತಲೇ, "ಸೋಲಾಪುರದಾಗ ತೆಗೆಸಿದ್ದು ಕಲ್ಲಲ್ಲ ಮಾದೇವಾ" ಎಂದ.