ಬಲತೊಡೆಯ ಅಳತೆ

ಕರಾಮ, ದುಬೈ
ಬುಧವಾರ, ೧೩-೧೧-೨೦೨೪

ನನ್ನ ಮೊಗಾಚಿ ಸ್ಟೇಸಿ,

ಮೂರು ವಾರದಿಂದ ನನ್ನ ಫೋನ್ ಎತ್ತದವಳು ಕಾಗದವನ್ನಾದರೂ ಓದುತ್ತೀ ಎಂದು ನಂಬಿ ಬರೆಯುತ್ತಿದ್ದೇನೆ. ಮಮ್ಮಿಯ ಮೇಲೆ ಎಷ್ಟೇ ಸಿಟ್ಟಿದ್ದರೂ ಶನಿವಾರದ ಕುಸ್ತಿಗೆ ನಿನಗೆ ಉಡುಪು ಬೇಕಲ್ಲ, ಪೊಟ್ಟಣ ಬಿಚ್ಚಲೇಬೇಕು. ಅದಕ್ಕೇ ಇದನ್ನು ಬಟ್ಟೆಯ ಮಡಿಕೆಯೊಳಗೆ ಪಿನ್ ಮಾಡಿ ಕಳಿಸುತ್ತಿದ್ದೇನೆ. ಪಕ್ಕದಂಗಡಿಯ ಮುಹಿಯುದ್ದೀನ್ ಬ್ಯಾರಿ ಸಂಜೆ ಐದಕ್ಕೆ ವ್ಯಾನಿನಲ್ಲಿ ಅಬುಧಾಬಿಗೆ ಹೊರಡುತ್ತಾರೆ. ಅಷ್ಟರೊಳಗೆ ಮುಗಿಸಬೇಕು.

ಕನ್ನಡದಲ್ಲಿ ಬರೆಯಲು ಕಾರಣವಿದೆ. ಇಂಗ್ಲಿಷಿನಲ್ಲಿ ಬರೆದರೆ ಅಬುಧಾಬಿಯಲ್ಲಿ ಈಗ ನಿನ್ನ ಜೊತೆಗಿರುವ ಯಾರು ಬೇಕಾದರೂ ಓದಿಯಾರು. ಐದನೇ ಕ್ಲಾಸಿನವರೆಗೆ ನೀನು ಕುಲಶೇಖರದಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಗೆ ಹೋದದ್ದು ಇವತ್ತು ಉಪಯೋಗಕ್ಕೆ ಬಂತು. ನಾನು ಕೊಂಕಣಿಯಲ್ಲಿ ಕೇಳಿದರೆ ನೀನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀ, ನಿಜ. ಆದರೆ ಊರಿನಿಂದ ಸಾಮಾನು ಸುತ್ತಿ ಬಂದ ಹಳೇ ಪೇಪರನ್ನೂ ಬಿಡದೆ ಓದುವವಳು ನೀನು.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಕೋಚ್ ಗ್ಯಾರೆಟ್ ಅವರ ಬಲಗಾಲು ಸೋಲುತ್ತಿದೆ. ನನಗೆ ಅದು ಮಾರ್ಚಿನಿಂದಲೇ ಗೊತ್ತು. ಮುಚ್ಚಿಟ್ಟವಳೂ ನಾನೇ, ನನ್ನ ಕೈಯಾರೆ, ಸೂಜಿ ದಾರ ಹಿಡಿದು.

ಐದು ವರ್ಷದ ಹಿಂದೆ ಅವರು ನಮ್ಮ ಅಂಗಡಿಗೆ ಮೊದಲು ಬಂದ ದಿನ ನೀನೂ ಇದ್ದೆ. ರಾಸ್ ಅಲ್ ಖೋರಿನ ಗ್ಯಾರೇಜುಗಳ ನಡುವಿನ ಆ ಶೆಡ್ಡಿನಲ್ಲಿ ಕುಸ್ತಿ ಕಲಿಸಲು ಶುರುಮಾಡಿ ಅವರಿಗೆ ತಿಂಗಳಾಗಿತ್ತು. ಮೈಗಂಟುವ ಟೈಟ್ಸಿನ ಹೊಲಿಗೆ ಬಿಟ್ಟಿತ್ತು. ನಾಲ್ಕು ಟೈಲರುಗಳು ಈ ಬಟ್ಟೆ ನಮ್ಮಿಂದಾಗದು ಎಂದು ವಾಪಸು ಕಳಿಸಿದ್ದರು. ಅಮೆರಿಕದ ಕುಸ್ತಿಪಟು ಎಂದು ಹೇಳಿಕೊಂಡಾಗ, ಹಿಂದೆ ಇನ್ನು ಯಾರೋ ದೊಡ್ಡವರು ಬರುತ್ತಿದ್ದಾರೆಂದು ನಾನು ಬಾಗಿಲ ಕಡೆ ನೋಡಿದ್ದೆ. ಈ ಮನುಷ್ಯ ನಿನ್ನ ಪಪ್ಪ ಹ್ಯೂಬರ್ಟರಿಗಿಂತಲೂ, ದೇವರು ಅವರಿಗೆ ಶಾಂತಿ ಕೊಡಲಿ, ಎರಡು ಬೆರಳು ಗಿಡ್ಡ. ನೀನು ಕಿಸಕ್ಕನೆ ನಕ್ಕೆ. ಗ್ಯಾರೆಟ್ ಕೂಡ ನಕ್ಕರು.

ಆಮೇಲೆ ಅವರ ಪೆಟ್ಟಿಗೆಯಿಂದ ಒಂದೊಂದೇ ಹಳೇ ಉಡುಪು ರಿಪೇರಿಗೆ ಬಂತು. ನೀನು ಅವರ ಕುಸ್ತಿಗಳನ್ನು ಯೂಟ್ಯೂಬಿನಲ್ಲಿ ನೋಡಿದ್ದೀ, ನಾನು ಒಳಹೊಲಿಗೆ ನೋಡಿದ್ದೇನೆ. ಮೊದಲನೆಯದು ಕಂದು ಬಣ್ಣದ್ದು, ಓಹಾಯೋದಲ್ಲಿ ಅವರ ಚಿಕ್ಕಮ್ಮ ಹೊಲಿದದ್ದು, ಭುಜಕ್ಕೆ ಹತ್ತಿ ತುಂಬಿದ್ದು. ಈ ಗಾತ್ರದವನನ್ನು ನೋಡಲು ಯಾರು ಬರುತ್ತಾರೆ ಎಂದು ಆಟ ನಡೆಸುವವನು ಮುಖಕ್ಕೆ ಹೇಳಿದ್ದನಂತೆ. ಮೈಕಿನವನು ಅವರ ತೂಕಕ್ಕೆ ಹದಿನೈದು ಕಿಲೋ ಸೇರಿಸಿ ಕೂಗುತ್ತಿದ್ದನಂತೆ. ಎರಡನೆಯದು ಮೆಕ್ಸಿಕೋದ್ದು, ಹಸಿರು ಮುಖವಾಡದ ಜೊತೆ. ಅಲ್ಲಿ ಸಣ್ಣ ಮೈಯವರಿಗೇ ಮರ್ಯಾದೆ. ಹಗ್ಗದ ಮೇಲಿಂದ ಹಾರುವುದನ್ನು ಅಲ್ಲಿ ಕಲಿತರು. ಮೊಣಕಾಲಿನ ಹತ್ತಿರ ಆ ಬಟ್ಟೆ ಜಾಳುಜಾಳಾಗಿತ್ತು.

ಮೂರನೆಯದು ಜಪಾನಿನದು. ಕಪ್ಪು ಬಟ್ಟೆ, ಬದಿಯಲ್ಲಿ ಒಂದೇ ಒಂದು ಬಿಳಿ ಗೆರೆ. ಅಲ್ಲಿ ಕಡಿಮೆ ತೂಕದವರಿಗೆಂದೇ ಬೇರೆ ಪಟ್ಟವಿದೆ. ತಕ್ಕಡಿಯ ಮೇಲೆ ನಿಲ್ಲುವ ದಿನ ಅರ್ಧ ಕಿಲೋ ಹೆಚ್ಚಾದರೂ ಆಟವಿಲ್ಲ. ಒಂದು ವಾರ ಬರೀ ಸೌತೆಕಾಯಿ ತಿಂದು, ಕೊನೆಯ ದಿನ ನೀರೂ ಕುಡಿಯದೆ ಆ ಪಟ್ಟ ಗೆದ್ದು, ಹನ್ನೊಂದು ತಿಂಗಳು ಇಟ್ಟುಕೊಂಡಿದ್ದರು. ಆ ಉಡುಪನ್ನು ಮಾತ್ರ ರಿಪೇರಿ ಮಾಡಲು ಕೊಡಲಿಲ್ಲ. ತೋರಿಸಿ, ಮಡಚಿ ಒಳಗಿಟ್ಟರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತು ನಮ್ಮಲ್ಲಿದೆ ಎಂದು ನಾನು ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದೆ. ಇದನ್ನು ಯಾರಾದರೂ ಓಹಾಯೋದಲ್ಲಿ ಹೇಳಿದ್ದರೆ ಚೆನ್ನಾಗಿತ್ತು ಅಂದರು.

ನಾಲ್ಕನೆಯದು ಬಂಗಾರದ ಬಣ್ಣದ್ದು, ಅಮೆರಿಕದ ಟೀವಿಯಲ್ಲಿ ಹಾಕಿಕೊಂಡದ್ದು. ಅಲ್ಲಿ ನಾಲ್ಕು ವರ್ಷ ಅವರ ಕೆಲಸ ಏನೆಂದರೆ ಬೆಟ್ಟದಂಥ ಗಂಡಸರ ಕೈಯಲ್ಲಿ ಮೂರು ನಿಮಿಷದೊಳಗೆ ಸೋಲುವುದು. ಅವರು ಚೆನ್ನಾಗಿ ಬಿದ್ದರೆ ಎದುರಿನವನು ದೊಡ್ಡವನಾಗಿ ಕಾಣುತ್ತಾನೆ. ಕೋಟಿಗೆ ಒಳಗೆ ಲೈನಿಂಗ್ ಹಾಕುವುದಿಲ್ಲವೆ, ಹಾಗೆ. ಕೊನೆಗೆ ಒಂದು ಫೋನ್ ಬಂತು, ಕೆಲಸ ಖಲಾಸ್. ಇದನ್ನೆಲ್ಲ ಅವರು ಬಸ್ಸು ತಪ್ಪಿದ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. ಬೇಸರವಾಗಲಿಲ್ಲವೆ ಎಂದು ಕೇಳಿದರೆ ಮಾಫಿ ಮುಷ್ಕಿಲ್ ಎನ್ನುತ್ತಿದ್ದರು. ಈ ಊರಿಗೆ ಬಂದು ಅವರು ಕಲಿತ ಅರಬ್ಬಿಯ ಎರಡೇ ಎರಡು ಶಬ್ದ ಅವು, ತೊಂದರೆಯೇನಿಲ್ಲ ಅಂತ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಕ್ಯಾರೊಲಿನ್ ಎರಡೇ ಕಟ್ಟಳೆ ಹೇಳಿದ್ದರು. ಒಂದು, ಹಳೇ ಅಳತೆಗೆ ಹೊಲಿಯಬಾರದು. ಪ್ರತಿ ಸಲ ಟೇಪು ಹಿಡಿಯಬೇಕು. ಎರಡು, ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಬಾರದು. ಇಪ್ಪತ್ತೆಂಟು ವರ್ಷ ಎರಡನ್ನೂ ಪಾಲಿಸಿದೆ. ಬ್ಲೌಸ್ ಹೊಲಿಸಲು ಬರುವ ನಮ್ಮ ಖೈರುನ್ನಿಸಳಿಗೆ ಮೂರು ತಿಂಗಳೆಂದು ಅವಳ ಅತ್ತೆಗಿಂತ ಮೊದಲು ನನಗೆ ಗೊತ್ತಿತ್ತು, ನಿನಗೂ ಹೇಳಿರಲಿಲ್ಲ. ಈ ವರ್ಷ ಎರಡು ಕಟ್ಟಳೆಯನ್ನೂ ಮುರಿದೆ.

ಮಾರ್ಚಿನಲ್ಲಿ ಶಾಲೆ ಯೂನಿಫಾರ್ಮಿನ ಗಡಿಬಿಡಿ ಹೇಗಿರುತ್ತದೆಂದು ನಿನಗೆ ಗೊತ್ತು. ಅಲ್ ಕುಸೈಸಿನ ಅರ್ಧದಷ್ಟು ಮಕ್ಕಳ ಚಡ್ಡಿ ನನ್ನ ಮೇಜಿನ ಮೇಲಿತ್ತು. ಗ್ಯಾರೆಟ್ ಅವರಿಗೆ ಬೇಗ ಒಂದು ಟೈಟ್ಸ್ ಬೇಕಾಗಿತ್ತು. ಪುಸ್ತಕದಲ್ಲಿದ್ದ ಅಳತೆಗೇ ಕತ್ತರಿಸಿ ಹೊಲಿದುಕೊಟ್ಟೆ. ಹಾಕಿ ನೋಡಿದರೆ ಎಡಗಾಲಿಗೆ ಸರಿಯಾಗಿದೆ, ಬಲಗಾಲಿನಲ್ಲಿ ಜೋಲುತ್ತಿದೆ. ನಿಮಗೆ ವಯಸ್ಸಾಯಿತು ಸಿಸಿಲಿಯಾ ಎಂದು ಅವರು ತಮಾಷೆ ಮಾಡಿದರು. ನಾನು ತೊಡೆಗೆ ಟೇಪು ಸುತ್ತಿದೆ. ಎರಡೂ ತೊಡೆ ಸಮವಾಗಿದ್ದ ಮನುಷ್ಯನಿಗೆ ಬಲಗಡೆ ಒಂದೂಕಾಲು ಇಂಚು ಕಡಿಮೆ. ಹಾಗಾಗುವುದು ಯಾವಾಗ ಎಂದು ನನಗೆ ಗೊತ್ತು. ನಿನ್ನ ಪಪ್ಪ ಹಾಸಿಗೆ ಹಿಡಿದಾಗ ಅವರ ಪ್ಯಾಂಟುಗಳನ್ನು ಕಿರಿದು ಮಾಡಿದವಳು ನಾನೇ ಅಲ್ಲವೆ.

ಜೂನಿನಲ್ಲಿ ಅಳತೆ ಇನ್ನಷ್ಟು ಇಳಿದಾಗ ಗ್ಯಾರೆಟ್ ಬಾಯಿಬಿಟ್ಟರು. ಕುತ್ತಿಗೆಯಿಂದ ಬೆನ್ನಿನವರೆಗೆ ಇಪ್ಪತ್ತೆರಡು ವರ್ಷ ಬಿದ್ದ ಪೆಟ್ಟು. ಎಲುಬು ನರವನ್ನು ಒತ್ತುತ್ತಿದೆಯಂತೆ. ಆಟ ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದಾರೆ. ನವೆಂಬರಿನ ಅಬುಧಾಬಿ ಆಟ ಒಂದು ಮುಗಿಯಲಿ, ಅದೇ ಕೊನೆಯದು ಎಂದು ಅವರು ನಿಶ್ಚಯಿಸಿದ್ದಾರೆ. ಬಲತೊಡೆಯ ಒಳಗೆ ತೆಳ್ಳಗಿನ ಫೋಮ್ ಇಟ್ಟು ಹೊಲಿಯಲು ಸಾಧ್ಯವೇ ಎಂದು ಕೇಳಿದರು. ನಾನು ಇಟ್ಟೆ. ಬ್ಲೌಸಿಗೆ ಕಪ್ ಇಡುತ್ತೇವಲ್ಲ, ಅದರಲ್ಲೇನು ಅಂದುಕೊಂಡೆ. ಅಬುಧಾಬಿಯ ಪೋಸ್ಟರು ಬಂದ ದಿನ ಅದನ್ನು ಅಂಗಡಿಗೆ ತಂದು ನನ್ನ ಮೇಜಿನ ಮೇಲೆ ಬಿಡಿಸಿ ತೋರಿಸಿದ್ದರು. ಅವರ ಹೆಸರು ಮೇಲಿನ ಸಾಲಿನಲ್ಲಿ ಬಂದದ್ದು ಅದೇ ಮೊದಲ ಸಲವಂತೆ. ಹಾಗೆ ತೋರಿಸುವವರಿಗೆ ಬೇಡ ಎನ್ನಲು ನನ್ನಿಂದಾಗಲಿಲ್ಲ.

ಆದರೆ ಆ ಪೋಸ್ಟರಿನಲ್ಲಿ ಅವರ ಜೋಡಿಯಾಗಿ ನಿನ್ನ ಹೆಸರಿದೆ. ಕೊನೆಯ ಪಟ್ಟು ಏನೆಂದು ನೀನು ಕಳೆದ ತಿಂಗಳು ಬಾಬಿನ್ ಡಬ್ಬಿ, ಸೂಜಿಮೆತ್ತೆ ಇಟ್ಟು ನನಗೆ ತೋರಿಸಿದೆ. ಅವರು ನಿನ್ನನ್ನು ಹೆಗಲ ಮೇಲೆ ಹೊತ್ತು ಎಲ್ಲಕ್ಕಿಂತ ಮೇಲಿನ ಹಗ್ಗ ಹತ್ತಿ ನಿಲ್ಲುತ್ತಾರೆ, ಅಲ್ಲಿಂದ ನಿನ್ನನ್ನು ಎದುರಾಳಿಯ ಮೇಲೆ ಎಸೆಯುತ್ತಾರೆ. ಒಂದು ಕ್ಷಣ ನಿನ್ನ ಐವತ್ತೊಂದು ಕಿಲೋ ಭಾರವೆಲ್ಲ ಆ ಬಲಗಾಲಿನ ಮೇಲೆ. ಆ ಕಾಲು ಮಡಚಿಕೊಂಡರೆ ನೀನು ತಲೆಕೆಳಗಾಗಿ ಬೀಳುತ್ತೀ. ಗೆಲುವು ಸೋಲು ನೀವು ಮೊದಲೇ ಮಾತಾಡಿಕೊಂಡದ್ದು, ಸರಿ, ಬೀಳುವುದಂತೂ ನಿಜವಲ್ಲವೆ? ಕಾರಣ ಹೇಳುವಂತಿಲ್ಲ, ಹೇಳದಿರುವಂತೆಯೂ ಇಲ್ಲ. ಹೋಗಬೇಡ ಎಂದಷ್ಟೇ ಹೇಳಿದೆ. ಯೂ ನೆವರ್ ಟ್ರಸ್ಟೆಡ್ ಕೋಚ್ ಎಂದು ನೀನು ಬಾಗಿಲು ಬಡಿದು ಹೋದೆ.

ಮರುದಿನ ನಾನು ಶೆಡ್ಡಿಗೆ ಹೋಗಿ ಅವರನ್ನು ಕೇಳಿದೆ. ನಲವತ್ತು ಸಲ ಅಭ್ಯಾಸ ಮಾಡಿದ್ದೇವೆ, ಕಾಲು ಒಮ್ಮೆಯೂ ಜಾರಿಲ್ಲ, ಮಾಫಿ ಮುಷ್ಕಿಲ್ ಎಂದರು. ನಲವತ್ತು ಸಲವೂ ಕೆಳಗೆ ದಪ್ಪ ಹಾಸು ಇತ್ತಲ್ಲ, ಇನ್ನೊಬ್ಬ ಶಿಷ್ಯ ಫಾರಿಸ್ ಹಿಂದಿನಿಂದ ನಿಮ್ಮ ಸೊಂಟ ಹಿಡಿದು ನಿಂತಿದ್ದನಲ್ಲ ಎಂದೆ. ಶನಿವಾರ ಫಾರಿಸ್ ಇರುತ್ತಾನೆಯೆ? ಅವರು ಬೂಟಿನ ಲೇಸು ಬಿಚ್ಚಿ ಕಟ್ಟಿದರು, ಮತ್ತೆ ಬಿಚ್ಚಿ ಕಟ್ಟಿದರು. ಆಟ ಮುಗಿದ ಮೇಲೆ ನಾನೇ ಸ್ಟೇಸಿಗೆ ಹೇಳುತ್ತೇನೆ ಅಂದರು.

ಮೊನ್ನೆ ಸೋಮವಾರ ಹೊಸ ಟೈಟ್ಸಿಗೆ ಅಳತೆ ತೆಗೆದೆ. ಎಡ 22½, ಬಲ 20. ಮಗಳೇ, ಇದು ನನ್ನ ಪುಸ್ತಕದಿಂದ ನಾನು ಹೊರಗೆ ಹೇಳುತ್ತಿರುವ ಮೊದಲ ಅಳತೆ. ಸಿಸ್ಟರ್ ಕ್ಯಾರೊಲಿನ್ ಕ್ಷಮಿಸಲಿ. ಆ ಟೈಟ್ಸ್ ನನ್ನ ಮುಂದೆಯೇ ಇದೆ. ನಾಳೆ ಬೆಳಿಗ್ಗೆ ಅಬುಧಾಬಿಗೆ ಹೊರಡುವಾಗ ಅವರು ತೆಗೆದುಕೊಂಡು ಹೋಗುತ್ತಾರೆ. ಈ ಸಲ ಫೋಮ್ ಇಡಲು ನನ್ನ ಕೈ ಬರಲಿಲ್ಲ. ಹಾಕಿಕೊಂಡ ಕೂಡಲೇ ಅವರಿಗೆ ತಿಳಿಯುತ್ತದೆ. ಪ್ರತಿ ಶುಕ್ರವಾರ ನಮ್ಮಲ್ಲಿಗೆ ಬಂಗುಡೆ ಸಾರು ಉಣ್ಣಲು ಬರುತ್ತಿದ್ದವರು ಇನ್ನು ಬರಲಿಕ್ಕಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಆ ಸಾರಿನ ಬಗ್ಗೆ ನೀನು ನನ್ನನ್ನು ಎಷ್ಟೋ ಸಲ ಕೆಣಕಿದ್ದೀ, ನಾನು ಉತ್ತರ ಕೊಟ್ಟಿಲ್ಲ. ಈಗಲೂ ಕೊಡುವುದಿಲ್ಲ.

ನೀನು ಆಟ ಬಿಟ್ಟು ಬಾ ಎಂದು ನಾನು ಹೇಳುತ್ತಿಲ್ಲ. ಆ ಪೋಸ್ಟರಿಗಾಗಿ ಅವರು ಇಪ್ಪತ್ತೆರಡು ವರ್ಷ ಕಾದಿದ್ದಾರೆ. ಪಟ್ಟು ಬದಲಿಸಿ, ಅಷ್ಟೇ. ಜಪಾನಿನಲ್ಲಿ ಪಟ್ಟ ಗೆದ್ದದ್ದು ಹೇಗೆಂದು ಅವರು ಒಮ್ಮೆ ನನ್ನ ಕತ್ತರಿಸುವ ಮೇಜಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದ್ದರು. ಹಾರಲಿಲ್ಲ, ಎತ್ತಲಿಲ್ಲ. ನೆಲದ ಮೇಲೇ ಎದುರಾಳಿಯ ಕಾಲು ಸಿಕ್ಕಿಸಿ, ಅವನನ್ನು ಸೀರೆ ಮಡಚಿದ ಹಾಗೆ ಮಡಚಿ ಮೇಲೆ ಕೂತರಂತೆ. ಸಣ್ಣವನು ಎತ್ತಲು ಹೋಗಬಾರದು, ಮಡಚಬೇಕು ಎಂದಿದ್ದರು. ಅವರ ಮಾತನ್ನೇ ಅವರಿಗೆ ನೆನಪು ಮಾಡು. ನಾನು ಹೇಳಿದರೆ ಟೈಲರಿನ ಮಾತು, ನೀನು ಹೇಳಿದರೆ ಶಿಷ್ಯೆಯ ಮಾತು, ಕೇಳುತ್ತಾರೆ.

ನಿನ್ನ ಉಡುಪಿನ ಎಡತೋಳು ಸ್ವಲ್ಪ ಬಿಗಿ ಎಂದಿದ್ದೆ, ಕಾಲು ಇಂಚು ಬಿಟ್ಟಿದ್ದೇನೆ. ನನಗೆ ಬಹಳ ಹೆದರಿಕೆಯಾಗಿದೆ. ಫೋನ್ ಮಾಡು.

ನಿನ್ನ ಮಮ್ಮಿ,
ಸಿಸಿಲಿಯಾ

ತಾ.ಕ.: ಕಾಗದಕ್ಕೆ ಪಿನ್ ಚುಚ್ಚುವಷ್ಟರಲ್ಲಿ ಗ್ಯಾರೆಟ್ ಬಂದರು. ನಾಳೆ ಬರಬೇಕಾದವರು ಇವತ್ತೇ ಬಂದರು. ಟೈಟ್ಸ್ ಕೊಟ್ಟೆ. ಪರದೆಯ ಹಿಂದೆ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತರು. ಒಂದು ದಪ್ಪ, ಒಂದು ಸಣ್ಣ, ಎರಡು ಕಾಲೂ ಇದ್ದ ಹಾಗೆಯೇ ಕಾಣುತ್ತಿದ್ದವು. ಮಾಫಿ ಮುಷ್ಕಿಲ್ ಎನ್ನಲಿಲ್ಲ. ಸ್ಟೇಸಿಗೆ ತಿಳಿಸಿದಿರಾ ಎಂದು ಕೇಳಿದರು. ನಾನು ಈ ಕಾಗದವನ್ನೇ ಕೈಗೆ ಕೊಟ್ಟೆ. ಕನ್ನಡ ಅವರಿಗೆ ಎಲ್ಲಿಂದ ಬರಬೇಕು, ಸುಮ್ಮನೆ ಹಾಳೆ ತಿರುವುತ್ತಾ ಹೋದರು. ಒಂದು ಸಾಲಿನ ಹತ್ತಿರ ನಿಂತರು. ಯಾರಿಗೂ ತಿಳಿಯದಿರಲೆಂದು ಕನ್ನಡದಲ್ಲಿ ಬರೆದ ನಾನು ಅಳತೆಯನ್ನು ಮಾತ್ರ ಅಭ್ಯಾಸಬಲದಿಂದ ಇಂಗ್ಲಿಷ್ ಅಂಕಿಯಲ್ಲಿ ಬರೆದಿದ್ದೆ. ಅವರು ಅದನ್ನು ಓದಿ, ಮೇಜಿನ ಮೇಲಿದ್ದ ಟೇಪನ್ನು ತಾವೇ ಬಲತೊಡೆಗೆ ಸುತ್ತಿ ನೋಡಿ, ನನ್ನ ಪೆನ್ ಕೇಳಿದರು. ಅಲ್ಲಿ 20ಕ್ಕೆ ಗೀಟು ಹಾಕಿ 19¾ ಎಂದು ಬರೆದದ್ದು ಕಾಣುತ್ತಿದೆಯಲ್ಲ, ಆ ಕೈಬರಹ ನನ್ನದಲ್ಲ.